ಎಲ್ಲ ಎಫೆಕ್ಟ್‌ಗಳಿಗೂ ಒಬ್ಬನೇ ಭಾಗವತ

ಒಂದು ಭಾವಗೀತೆಯ ಪ್ರಾಕ್ಟೀಸ್. ಗಿಟಾರ್, ಕೀಬೋರ್ಡ್, ರಿದಂ ಪ್ಯಾಡ್, ಎದುರಿಗೆ ಗಾಯಕಿ. ಹಾಡು 120ರ ವೇಗದ್ದು ಎಂದು ಮನೆಯಲ್ಲೇ ಲೆಕ್ಕ ಹಾಕಿ, ಗಿಟಾರಿನ ಡಿಲೇ ಪೆಡಲನ್ನು 500 ಮಿಲಿಸೆಕೆಂಡಿಗೆ ಇಟ್ಟುಕೊಂಡು ಹೋಗಿದ್ದೆ. ಮೊದಲ ಪಲ್ಲವಿ ಚೆನ್ನಾಗಿಯೇ ಬಂತು. ಚರಣ ಮುಗಿಸಿ ಮತ್ತೆ ಪಲ್ಲವಿಗೆ ಬರುವಷ್ಟರಲ್ಲಿ ಹಾಡಿಗೆ ಬಿಸಿ ಏರಿತ್ತು, ಪ್ಯಾಡ್ ನುಡಿಸುತ್ತಿದ್ದವರು 126ಕ್ಕೆ ಹೋಗಿದ್ದರು. ಅದರಲ್ಲಿ ತಪ್ಪೇನಿಲ್ಲ, ಹಾಡು ಹಾಗೆ ಎಳೆದುಕೊಂಡು ಹೋಗುವುದು ಸಹಜ. ಆದರೆ ನನ್ನ ಪೆಡಲಿಗೆ ಅದು ಗೊತ್ತಿರಲಿಲ್ಲ. ಗಾಯಕಿ ಕೈಯೆತ್ತಿ ನಿಲ್ಲಿಸಿದರು. "ಸರ್, ನಂಗೆ ಎರಡು ತಾಳ ಕೇಳಿಸ್ತಿದೆ. ಯಾವುದನ್ನ ಹಿಡ್ಕೊಳ್ಳಲಿ?"

ಅವರ ಕಿವಿ ಸರಿಯಾಗಿತ್ತು. 126ರ ವೇಗದಲ್ಲಿ ಒಂದು ಬೀಟ್ ಎಂದರೆ 476 ಮಿಲಿಸೆಕೆಂಡ್. ನನ್ನ ಪೆಡಲಿನ ಮೊದಲ ಪ್ರತಿಧ್ವನಿ ಸುಮಾರು 24 ಮಿಲಿಸೆಕೆಂಡ್ ತಡವಾಗಿ ಬರುತ್ತಿತ್ತು. ಅಷ್ಟು ತಡ ಕಿವಿಗೆ ಸ್ವಲ್ಪ ಆಲಸ್ಯ ಅನ್ನಿಸುತ್ತದೆ, ಅಷ್ಟೇ. ಎರಡನೆಯದು 48 ತಡ, ಮೂರನೆಯದು 71. ಐದನೆಯದಕ್ಕೆ ಬಂದಾಗ 119. ಆ ವೇಗದಲ್ಲಿ ಕಾಲು ಬೀಟ್ ಎಂದರೂ ಸರಿಯಾಗಿ 119 ಮಿಲಿಸೆಕೆಂಡೇ. ಅಂದರೆ ನನ್ನ ಐದನೇ ಪ್ರತಿಧ್ವನಿ ಒಂದು ಪೂರಾ ಅಕ್ಷರದಷ್ಟು ಹಿಂದೆ ಬಿದ್ದು, ಯಾರೂ ನುಡಿಸದ ಇನ್ನೊಂದು ತಾಳವನ್ನು ಹಾಡಿನೊಳಗೆ ಹಾಕುತ್ತಿತ್ತು.

ಡಿಲೇ, ಟ್ರೆಮೊಲೊ, ಫೇಸರ್, ಆರ್ಪೆಜಿಯೇಟರ್, ಲೂಪರ್, ಇವೆಲ್ಲ ಕಾಲವನ್ನು ತಾವೇ ಎಣಿಸುವ ಯಂತ್ರಗಳು. ಒಂದೊಂದೂ ತನ್ನ ಲೆಕ್ಕದಲ್ಲಿ ಸರಿಯೇ. ತೊಂದರೆ ಬರುವುದು ಎಲ್ಲವೂ ತಮ್ಮ ತಮ್ಮ ಲೆಕ್ಕ ಇಟ್ಟುಕೊಂಡಾಗ. ಯಕ್ಷಗಾನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಾಳ ಭಾಗವತರ ಕೈಯಲ್ಲಿ ಇರುತ್ತದೆ. ಮದ್ದಳೆ, ಚೆಂಡೆ, ಕುಣಿಯುವವರ ಕಾಲು, ಮೂರೂ ಆ ಕೈಯನ್ನು ಅನುಸರಿಸುತ್ತವೆ. ಕಾಲ ಏರಬೇಕಾದರೆ ಭಾಗವತರು ಏರಿಸುತ್ತಾರೆ, ಉಳಿದವರು ಆ ಕ್ಷಣದಲ್ಲೇ ಜೊತೆಗೆ ಏರುತ್ತಾರೆ. ನಿಮ್ಮ ಪೆಡಲ್, ಕೀಬೋರ್ಡ್, ಲ್ಯಾಪ್‌ಟಾಪ್‌ಗಳ ನಡುವೆಯೂ ಭಾಗವತ ಯಾರು ಎಂಬುದನ್ನು ಮೊದಲು ತೀರ್ಮಾನಿಸಬೇಕು. ಕೇಬಲ್ಲಿನ ಮಾತು ಆಮೇಲೆ.

ಮಿಲಿಸೆಕೆಂಡ್ ಬಿಡಿ, ಭಾಗ ಹಿಡಿಯಿರಿ

ಲೆಕ್ಕ ಒಂದೇ. 60,000ವನ್ನು ಬಿಪಿಎಂನಿಂದ, ಅಂದರೆ ನಿಮಿಷಕ್ಕೆ ಎಷ್ಟು ಬೀಟ್ ಎಂಬ ಅಂಕಿಯಿಂದ, ಭಾಗಿಸಿದರೆ ಒಂದು ಬೀಟಿನ ಮಿಲಿಸೆಕೆಂಡ್ ಸಿಗುತ್ತದೆ. 96ರ ವೇಗದ ಹಾಡಾದರೆ 625. ಅದರ ಅರ್ಧ 312.5, ಕಾಲು 156.25, ಮುಕ್ಕಾಲು 468.75. ಬೀಟನ್ನು ಮೂರಾಗಿ ಒಡೆದರೆ, ಅಂದರೆ ತಿಶ್ರ ನಡೆಯಲ್ಲಿ, ಒಂದೊಂದು ಪಾಲು 208.3. ಹಳೆಯ ಪೆಡಲಿನಲ್ಲಿ ಟೆಂಪೋ ಸೌಲಭ್ಯ ಇಲ್ಲದಿದ್ದರೆ ಈ ಅಂಕಿಗಳನ್ನೇ ಚೀಟಿಯಲ್ಲಿ ಬರೆದು ಅಂಟಿಸಿಕೊಳ್ಳಬೇಕು. ನಾನೂ ಬಹಳ ವರ್ಷ ಹಾಗೇ ಮಾಡಿದ್ದೇನೆ.

ಆದರೆ ಈಗಿನ ಬಹುತೇಕ ಡಿಜಿಟಲ್ ಎಫೆಕ್ಟ್‌ಗಳಲ್ಲಿ ಮಿಲಿಸೆಕೆಂಡಿನ ಬದಲು ಬೀಟಿನ ಭಾಗವನ್ನೇ ಆರಿಸಬಹುದು. ಅದನ್ನೇ ಆರಿಸಿ. ಮಿಲಿಸೆಕೆಂಡಿಗೆ ಕಟ್ಟಿಹಾಕಿದ ಡಿಲೇ ಒಂದು ವೇಗಕ್ಕೆ ಮಾತ್ರ ಸರಿ. 'ಮುಕ್ಕಾಲು ಬೀಟ್' ಎಂದು ಹೇಳಿಟ್ಟ ಡಿಲೇ ಯಾವ ವೇಗದಲ್ಲೂ ಮುಕ್ಕಾಲೇ.

ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ. ಮೆನುವಿನಲ್ಲಿ ಕಾಣುವ 1/4 ನಮ್ಮ ಕಾಲು ಬೀಟ್ ಅಲ್ಲ, ಒಂದು ಪೂರಾ ಬೀಟ್. ಪಾಶ್ಚಾತ್ಯ ಬರವಣಿಗೆಯಲ್ಲಿ ನಾಲ್ಕು ಬೀಟಿನ ಒಂದು ಬಾರನ್ನು 'ಒಂದು' ಎಂದು ಇಟ್ಟುಕೊಂಡು ಅದರ ಕಾಲನ್ನು ಬೀಟ್ ಎನ್ನುತ್ತಾರೆ. ಹಾಗಾಗಿ 1/8 ನಮ್ಮ ಅರ್ಧ ಬೀಟ್, 1/16 ನಮ್ಮ ಕಾಲು ಬೀಟ್. ಅಂಕಿಯ ಪಕ್ಕದಲ್ಲಿ ಒಂದು ಚುಕ್ಕಿ ಅಥವಾ 'ಡಿ' ಇದ್ದರೆ ಅದರ ಒಂದೂವರೆ ಪಾಲು. 'ಟಿ' ಇದ್ದರೆ ಮೂರರಲ್ಲಿ ಎರಡು ಪಾಲು. ಗಿಟಾರ್‌ನವರು ದಿನವಿಡೀ ಹೇಳುವ 'ಡಾಟೆಡ್ ಏಯ್ತ್' ಎಂದರೆ ಅರ್ಧದ ಒಂದೂವರೆ, ನಮ್ಮ ಬಾಯಲ್ಲಿ ಸರಳವಾಗಿ ಮುಕ್ಕಾಲು.

ಆ ಮುಕ್ಕಾಲಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಸಿಂಕ್ ಸರಿಯಾಗಿದ್ದಾಗ ಸಿಗುವ ಸುಖ ಅಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕೇಳುತ್ತದೆ. ನೀವು ಅರ್ಧರ್ಧ ಬೀಟಿಗೆ ಒಂದೊಂದು ಸ್ವರ ನುಡಿಸುತ್ತೀರಿ ಎನ್ನಿ. ಡಿಲೇ ಮುಕ್ಕಾಲಿನಲ್ಲಿದೆ. ಮೊದಲ ಸ್ವರದ ಪ್ರತಿಧ್ವನಿ ಎರಡನೇ ಮತ್ತು ಮೂರನೇ ಸ್ವರದ ನಟ್ಟನಡುವೆ ಬೀಳುತ್ತದೆ. ಎರಡನೆಯದರ ಪ್ರತಿಧ್ವನಿ ಮೂರು ಮತ್ತು ನಾಲ್ಕರ ನಡುವೆ. ನೀವು ಬಿಟ್ಟ ಖಾಲಿ ಜಾಗಗಳನ್ನೆಲ್ಲ ಯಂತ್ರ ತುಂಬುತ್ತಾ ಹೋಗಿ, ಎರಡು ಕೈಗಳ ಕೆಲಸ ನಾಲ್ಕು ಕೈಗಳದ್ದಾಗಿ ಕೇಳುತ್ತದೆ. ಯು2 ತಂಡದ ಗಿಟಾರ್ ವಾದಕ ದಿ ಎಡ್ಜ್ ಅವರ ವಾದನದ ಗುರುತೇ ಇದು; 1987ರ 'ದಿ ಜೋಶುವಾ ಟ್ರೀ' ಆಲ್ಬಮ್ಮಿನ ಮೊದಲ ಹಾಡಿನ ಆರಂಭವನ್ನು ಒಮ್ಮೆ ಕಿವಿಗೊಟ್ಟು ಕೇಳಿ. ಈ ಹೆಣಿಗೆಯಲ್ಲಿ ಡಿಲೇ ಸ್ವಲ್ಪ ಜಾರಿದರೂ ತುಂಬುವ ಸ್ವರಗಳು ಖಾಲಿ ಜಾಗ ಬಿಟ್ಟು ನಿಮ್ಮ ಸ್ವರಗಳಿಗೇ ಒರಗುತ್ತವೆ. ಆಗ ಹೆಣಿಗೆ ಬಿಚ್ಚಿಕೊಳ್ಳುತ್ತದೆ.

ಕಾಲಿನಲ್ಲಿ ಕೊಡುವ ತಾಳ

ಅತ್ಯಂತ ಸುಲಭದ ಸಿಂಕ್ ಟ್ಯಾಪ್ ಟೆಂಪೋ. ಪೆಡಲಿನ ಗುಂಡಿಯನ್ನು ತಾಳಕ್ಕೆ ಸರಿಯಾಗಿ ಒತ್ತಿದರೆ ಎರಡು ಒತ್ತುಗಳ ನಡುವಿನ ಕಾಲವನ್ನು ಅದು ಅಳೆದುಕೊಳ್ಳುತ್ತದೆ. ಮನುಷ್ಯರು ನುಡಿಸುವ ಹಾಡಿಗೆ, ಕ್ಲಿಕ್ ಇಲ್ಲದ ವೇದಿಕೆಗೆ, ಇಂದಿಗೂ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಆದರೆ ಎರಡೇ ಸಲ ಒತ್ತಿ ಬಿಡಬೇಡಿ. ಮೊದಲ ಒತ್ತು 10 ಮಿಲಿಸೆಕೆಂಡ್ ಮುಂಚೆ, ಎರಡನೆಯದು 10 ಮಿಲಿಸೆಕೆಂಡ್ ತಡ ಆಯಿತು ಎನ್ನಿ. 500 ಇರಬೇಕಾದ ಜಾಗದಲ್ಲಿ 520 ಆಗಿ, 120ರ ಹಾಡಿಗೆ ಪೆಡಲ್ 115 ಎಂದುಕೊಳ್ಳುತ್ತದೆ. ಐದು ಸಲ ಒತ್ತಿದರೆ ಅದೇ 20 ಮಿಲಿಸೆಕೆಂಡಿನ ತಪ್ಪು ನಾಲ್ಕು ಬೀಟಿಗೆ ಹಂಚಿಹೋಗಿ ಒಂದು ಬೀಟಿಗೆ 5 ಮಾತ್ರ ಉಳಿಯುತ್ತದೆ. ಎಲ್ಲ ಪೆಡಲ್‌ಗಳೂ ಹೀಗೆ ಸರಾಸರಿ ತೆಗೆಯುವುದಿಲ್ಲ, ಕೆಲವು ಕೊನೆಯ ಎರಡು ಒತ್ತನ್ನು ಮಾತ್ರ ನೋಡುತ್ತವೆ. ನಿಮ್ಮದು ಯಾವ ಜಾತಿ ಎಂದು ತಿಳಿಯಬೇಕಾದರೆ ಮೂರು ಸಲ ನಿಧಾನವಾಗಿ ಒತ್ತಿ, ನಾಲ್ಕನೆಯದನ್ನು ಬೇಕೆಂದೇ ಬೇಗ ಒತ್ತಿ ನೋಡಿ. ದೀಪ ಪೂರ್ತಿ ಬೇಗನೆಯ ವೇಗಕ್ಕೆ ಹಾರಿದರೆ ಅದು ಕೊನೆಯ ಎರಡನ್ನು ನಂಬುವ ಪೆಡಲ್.

ಕಾಲಿಡುವ ರೀತಿಯೂ ಮುಖ್ಯ. ಗುಂಡಿಯ ಮೇಲೆ ಕಾಲಿಟ್ಟ ಮೇಲೆ ತಾಳ ಹುಡುಕಲು ಹೋಗಬೇಡಿ. ಮೊದಲು ನೆಲದ ಮೇಲೆ ನಾಲ್ಕು ಬೀಟ್ ಹಾಕಿ, ಅದೇ ಓಟದಲ್ಲಿ ಕಾಲನ್ನು ಗುಂಡಿಗೆ ಸರಿಸಿ. ಕಣ್ಣು ಪ್ಯಾಡ್ ನುಡಿಸುವವರ ಕೈ ಮೇಲಿರಲಿ, ಅವರು ಉರುಳಿಕೆ ಹಾಕುವಾಗ ಒತ್ತಬೇಡಿ. ಆಗ ಎಂಥವರ ತಾಳವೂ ಒಂದು ಕೂದಲೆಳೆ ಮುಂದೆ ಓಡುತ್ತದೆ.

ಪೆಡಲಿಗೆ ಒಂದು ಗರಿಷ್ಠ ಡಿಲೇ ಇರುವುದನ್ನೂ ಮರೆಯಬಾರದು. ಒಂದು ಸೆಕೆಂಡಷ್ಟೇ ಹಿಡಿಯಬಲ್ಲ ಪೆಡಲಿಗೆ 60ಕ್ಕಿಂತ ನಿಧಾನದ ಹಾಡಿನಲ್ಲಿ ಪೂರಾ ಬೀಟಿನ ಡಿಲೇ ಕೊಡಲಾಗದು. ಅರ್ಧ ಬೀಟನ್ನು ಆರಿಸಿದರೆ ಕೆಲಸ ಸಲೀಸು.

ಡಿಲೇ ಕ್ಷಮಿಸುತ್ತದೆ, ಲೂಪರ್ ಕ್ಷಮಿಸುವುದಿಲ್ಲ

ಸಿಂಕ್ ಬಗ್ಗೆ ಓದುವಾಗ ಎಲ್ಲ ಎಫೆಕ್ಟ್‌ಗಳನ್ನೂ ಒಂದೇ ಗುಂಪಿಗೆ ಸೇರಿಸಿರುವುದನ್ನು ಕಾಣುತ್ತೇನೆ. ಅದು ಸರಿಯಲ್ಲ. ಇದರಲ್ಲಿ ಎರಡು ಬಗೆ ಇದೆ, ಎರಡಕ್ಕೂ ಬೇಕಾದ ಎಚ್ಚರ ಬೇರೆ.

ಡಿಲೇ ಪ್ರತಿ ಸಲವೂ ನೀವು ನುಡಿಸಿದ ಸ್ವರದಿಂದ ಎಣಿಕೆ ಶುರು ಮಾಡುತ್ತದೆ. ಪೆಡಲ್ 120.5, ಹಾಡು 120 ಇದ್ದರೆ ಮೊದಲ ಪ್ರತಿಧ್ವನಿ 2 ಮಿಲಿಸೆಕೆಂಡ್ ಬೇಗ ಬರುತ್ತದೆ. ಅದು ಯಾರ ಕಿವಿಗೂ ಬೀಳುವುದಿಲ್ಲ. ಮುಂದಿನ ಸ್ವರಕ್ಕೆ ಎಣಿಕೆ ಮತ್ತೆ ಸೊನ್ನೆಯಿಂದ. ಪ್ರತಿಧ್ವನಿಗಳ ಸಂಖ್ಯೆ ಎರಡು ಮೂರಕ್ಕೆ ಇಳಿಸಿಕೊಂಡರೆ ಸಣ್ಣಪುಟ್ಟ ವ್ಯತ್ಯಾಸ ಕರಗಿಹೋಗುತ್ತದೆ. ಅಂದಿನ ಪ್ರಾಕ್ಟೀಸಿನಲ್ಲಿ ನಾನು ಮೊದಲು ಮಾಡಬೇಕಿದ್ದುದೂ ಅದನ್ನೇ. ಫೀಡ್‌ಬ್ಯಾಕ್ ಗುಂಡಿಯನ್ನು ಎಡಕ್ಕೆ ತಿರುಗಿಸಿದ್ದರೆ ಐದನೇ ಪ್ರತಿಧ್ವನಿ ಹುಟ್ಟುತ್ತಲೇ ಇರಲಿಲ್ಲ.

ಟ್ರೆಮೊಲೊ, ಆಟೊ ಪ್ಯಾನ್, ಆರ್ಪೆಜಿಯೇಟರ್, ಲೂಪರ್ ಹಾಗಲ್ಲ. ಒಮ್ಮೆ ಶುರುವಾದರೆ ತಮ್ಮಷ್ಟಕ್ಕೆ ಓಡುತ್ತಲೇ ಇರುತ್ತವೆ, ತಪ್ಪನ್ನು ಕೂಡಿಸುತ್ತಲೇ ಹೋಗುತ್ತವೆ. ಕತ್ತಲ ವೇದಿಕೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಪ್ಯಾಡಿನ ಟೆಂಪೋ ದೀಪ 120ಕ್ಕೆ ಮಿಟುಕುತ್ತಿದೆ, ಟ್ರೆಮೊಲೊ ಪೆಡಲಿನದು 120.5ಕ್ಕೆ. ಶುರುವಿನಲ್ಲಿ ಎರಡೂ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಅರ್ಧ ನಿಮಿಷಕ್ಕೆ ಒಂದು ಇನ್ನೊಂದನ್ನು ಅಟ್ಟಿಸಿಕೊಂಡು ಹೋಗುವಂತೆ ಕಾಣುತ್ತದೆ. ಒಂದು ನಿಮಿಷಕ್ಕೆ ಸರಿಯಾಗಿ ಅರ್ಧ ಬೀಟ್ ವ್ಯತ್ಯಾಸ ಬಂದು, ಇದು ಹೊತ್ತಿದಾಗ ಅದು ಆರಿರುತ್ತದೆ. ತಾಳ ಬೀಳುವ ಜಾಗದಲ್ಲಿ ಸದ್ದು ಉಬ್ಬಬೇಕಿದ್ದ ಟ್ರೆಮೊಲೊ, ಅದೇ ಜಾಗದಲ್ಲಿ ಈಗ ಸದ್ದನ್ನು ನುಂಗುತ್ತಿದೆ.

ಇದರಿಂದ ಇನ್ನೊಂದು ಮಾತೂ ಹೊರಡುತ್ತದೆ. ವೇಗ ಒಂದೇ ಇದ್ದರೆ ಸಾಲದು, ಸಮವೂ ಒಂದೇ ಇರಬೇಕು. ಇಬ್ಬರು ಒಂದೇ ಕಾಲಪ್ರಮಾಣದಲ್ಲಿ ಹಾಡಬಹುದು. ಒಬ್ಬರು ಸಮದಲ್ಲಿ, ಇನ್ನೊಬ್ಬರು ಅರ್ಧ ಬೀಟ್ ಬಿಟ್ಟು ಎತ್ತಿಕೊಂಡಿದ್ದರೆ ಹೊಂದುವುದಿಲ್ಲ. ಟ್ಯಾಪ್ ಟೆಂಪೋ ವೇಗವನ್ನು ಕಲಿಸುತ್ತದೆ, ಆದರೆ ಬಾರಿನ ಮೊದಲ ಬೀಟ್ ಯಾವುದೆಂದು ಪೆಡಲಿಗೆ ತಿಳಿಸುವುದಿಲ್ಲ. ನಾಲ್ಕು ಬೀಟಿಗೆ ಒಮ್ಮೆ ಉಬ್ಬಿ ಇಳಿಯುವ ಫಿಲ್ಟರ್ ಅಥವಾ ಫೇಸರ್ ಬೇಕಾದಾಗ ಆ ಅರಿವಿಲ್ಲದೆ ಆಗದು. ಕೆಲವು ಪೆಡಲ್‌ಗಳಲ್ಲಿ ಸ್ವರ ನುಡಿಸಿದಾಗಲೆಲ್ಲ ಅಲೆ ಮೊದಲಿನಿಂದ ಶುರುವಾಗುವ 'ರೀಟ್ರಿಗರ್' ಆಯ್ಕೆ ಇರುತ್ತದೆ. ಇದ್ದರೆ ಖಂಡಿತ ಬಳಸಿ. ಇಲ್ಲದಿದ್ದರೆ ಮುಂದೆ ಹೇಳುವ ಮಿಡಿ ಬೇಕು.

ಅಂದಹಾಗೆ, ಇಂಥ ಅಲೆಗಳ ವೇಗವನ್ನು ಹರ್ಟ್ಜ್‌ನಲ್ಲಿ ಕೇಳುವ ಪೆಡಲ್ ಸಿಕ್ಕರೆ ಬಿಪಿಎಂ ಅನ್ನು 60ರಿಂದ ಭಾಗಿಸಿ. ಬೀಟಿಗೊಂದು ಅಲೆಯಾದರೆ 120ಕ್ಕೆ 2 ಹರ್ಟ್ಜ್, 96ಕ್ಕೆ 1.6.

ಮಿಡಿ ಕ್ಲಾಕ್: ಅಂಕಿ ಕಳಿಸದ ತಾಳ

1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ವಾದ್ಯಮೇಳದಲ್ಲಿ ಎರಡು ಬೇರೆ ಬೇರೆ ಕಂಪನಿಗಳ ಸಿಂಥಸೈಜರ್‌ಗಳನ್ನು, ಸೀಕ್ವೆನ್ಶಿಯಲ್‌ನ ಪ್ರಾಫೆಟ್-600 ಮತ್ತು ರೋಲಂಡ್‌ನ ಜ್ಯುಪಿಟರ್-6 ಅನ್ನು, ಒಂದು ಕೇಬಲ್ಲಿನಿಂದ ಜೋಡಿಸಿ ತೋರಿಸಿದರು. ಒಂದರಲ್ಲಿ ನುಡಿಸಿದ್ದು ಇನ್ನೊಂದರಲ್ಲೂ ಕೇಳಿಸಿತು. ಸೀಕ್ವೆನ್ಶಿಯಲ್‌ನ ಡೇವ್ ಸ್ಮಿತ್ ಮತ್ತು ರೋಲಂಡ್ ಸ್ಥಾಪಕ ಇಕುತಾರೊ ಕಾಕೆಹಾಶಿ ಇಬ್ಬರಿಗೂ ಈ ಕೆಲಸಕ್ಕಾಗಿ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಬಂತು. ಪೈಪೋಟಿಯಲ್ಲಿದ್ದ ಕಂಪನಿಗಳು ಮಿಡಿ ಎಂಬ ಒಂದೇ ಭಾಷೆಗೆ ಒಪ್ಪಿಕೊಂಡದ್ದರಿಂದಲೇ ನಮ್ಮ ರಸಮಂಜರಿ ವೇದಿಕೆಗಳಲ್ಲಿ ಒಂದು ಕಂಪನಿಯ ಆಕ್ಟೋಪ್ಯಾಡ್ ಇನ್ನೊಂದು ಕಂಪನಿಯ ಕೀಬೋರ್ಡ್ ಜೊತೆ ಮಾತಾಡಬಲ್ಲದು. ಸಂಗೀತಗಾರರಿಗೆ ಸಿಕ್ಕ ದೊಡ್ಡ ಉಡುಗೊರೆಗಳಲ್ಲಿ ಇದೊಂದು ಎಂದೇ ನನ್ನ ನಂಬಿಕೆ.

ಮಿಡಿ ಕ್ಲಾಕ್ 'ನನ್ನ ವೇಗ 120' ಎಂದು ಹೇಳುವುದಿಲ್ಲ. ಒಂದು ಬೀಟಿಗೆ 24 ಸಣ್ಣ ಮಿಡಿತಗಳನ್ನು ಕಳಿಸುತ್ತದೆ, ಅಷ್ಟೇ. 120ರಲ್ಲಿ ಸೆಕೆಂಡಿಗೆ 48 ಮಿಡಿತ, ಒಂದೊಂದರ ನಡುವೆ 20.8 ಮಿಲಿಸೆಕೆಂಡ್. ಅದನ್ನು ಪಡೆದ ಪೆಡಲ್ ಆ ಅಂತರ ಅಳೆದು ವೇಗ ಕಂಡುಕೊಳ್ಳುತ್ತದೆ. ಜೊತೆಗೆ ಶುರು, ನಿಲ್ಲು, ನಿಂತಲ್ಲಿಂದ ಮುಂದುವರಿ ಎಂಬ ಮೂರು ಅಪ್ಪಣೆಗಳಿವೆ. ಪೆಡಲಿಗೆ ಮೊದಲ ಬೀಟ್ ಗೊತ್ತಾಗುವುದು 'ಶುರು' ಅಪ್ಪಣೆಯಿಂದ. ತಾಳ ಮೂರರದೋ ಏಳರದೋ ಎಂಬ ಸುದ್ದಿ ಈ ಕ್ಲಾಕ್‌ನಲ್ಲಿ ಇಲ್ಲ.

ಇದು ಗೊತ್ತಿದ್ದರೆ ಎರಡು ಆತಂಕ ತಾವಾಗಿ ಕಳೆಯುತ್ತವೆ. ಒಂದು, ಪೆಡಲಿನ ಪರದೆ 119.8, 120.1 ಎಂದು ಅಲ್ಲಾಡುವುದು. 20.8ರಲ್ಲಿ ಒಂದು ಮಿಲಿಸೆಕೆಂಡ್ ಹೆಚ್ಚುಕಡಿಮೆಯಾದರೂ ಆ ಒಂದು ಅಂತರಕ್ಕೆ ಅದು ಸುಮಾರು ನೂರಕ್ಕೆ ಐದು. ಹಾಗಾಗಿ ಯಂತ್ರ ಹಲವು ಮಿಡಿತಗಳ ಸರಾಸರಿ ತೆಗೆಯುತ್ತದೆ, ಸ್ವಲ್ಪ ಅಲ್ಲಾಟ ಸಹಜ. ಎರಡು, ವೇಗ ಬದಲಿಸಿದ ತಕ್ಷಣ ಪೆಡಲ್ ಒಂದು ಗಳಿಗೆ ಹಿಂದುಳಿಯುವುದು. ಅಳೆಯಲು ಅದಕ್ಕೂ ಸಮಯ ಬೇಕು.

ಈಗ ಜೋಡಣೆ. ತಂಡದಲ್ಲಿ ಕೀಬೋರ್ಡಿನ ಸ್ಟೈಲ್ ರಿದಂ ಓಡುತ್ತಿದ್ದರೆ ಆ ಕೀಬೋರ್ಡೇ ಭಾಗವತ. ಲ್ಯಾಪ್‌ಟಾಪಿನಿಂದ ಟ್ರ್ಯಾಕ್ ಓಡುತ್ತಿದ್ದರೆ ಲ್ಯಾಪ್‌ಟಾಪ್. ಆ ಒಂದರಲ್ಲಿ ಮಾತ್ರ ಕ್ಲಾಕ್ ಕಳಿಸುವ ಆಯ್ಕೆಯನ್ನು ಆನ್ ಮಾಡಿ, ಉಳಿದೆಲ್ಲದರಲ್ಲಿ ಆಫ್ ಮಾಡಿ. ಉಳಿದವುಗಳಲ್ಲಿ ಕ್ಲಾಕನ್ನು 'ಎಕ್ಸ್‌ಟರ್ನಲ್' ಅಥವಾ 'ಆಟೊ'ಗೆ ಇಡಿ. ಭಾಗವತನ ಮಿಡಿ ಔಟ್‌ನಿಂದ ಮೊದಲ ಪೆಡಲಿನ ಮಿಡಿ ಇನ್‌ಗೆ ಕೇಬಲ್. ಮೂರು ನಾಲ್ಕು ಪೆಡಲ್ ಇದ್ದರೆ ಒಂದರಿಂದ ಒಂದಕ್ಕೆ ಸರಪಳಿ ಕಟ್ಟುವ ಬದಲು ಒಂದು ಥ್ರೂ ಬಾಕ್ಸ್ ಇಟ್ಟುಕೊಳ್ಳಿ. ನಡುವಿನ ಒಂದು ಪೆಡಲ್ ಕೈಕೊಟ್ಟರೆ ಮುಂದಿನವೆಲ್ಲ ನಿಲ್ಲುವುದು ತಪ್ಪುತ್ತದೆ. ಸಣ್ಣ ಪೆಡಲ್‌ಗಳಲ್ಲಿ ಐದು ಪಿನ್ನಿನ ದೊಡ್ಡ ಸಾಕೆಟ್ ಬದಲು 3.5 ಮಿಲಿಮೀಟರಿನ ಸಣ್ಣ ತೂತು ಇರುತ್ತದೆ. ಅದರ ಅಡಾಪ್ಟರ್‌ಗಳಲ್ಲಿ ಎ ಮತ್ತು ಬಿ ಎಂಬ ಎರಡು ಬಗೆ ಇವೆ. ತಪ್ಪು ಬಗೆ ಹಾಕಿದರೂ ಸರಾಗವಾಗಿ ಕೂರುತ್ತದೆ, ಆದರೆ ಒಂದು ಮಿಡಿತವೂ ದಾಟುವುದಿಲ್ಲ. ಕೊಳ್ಳುವ ಮುಂಚೆ ಕೇಳಿ.

ಹೀಗೆಲ್ಲ ಮಾಡಿಯೂ ಹಾಡಿನ ನಡುವೆ ಡಿಲೇ ಇದ್ದಕ್ಕಿದ್ದಂತೆ ಬೇರೆ ವೇಗಕ್ಕೆ ಹಾರಿದರೆ ಮೊದಲ ಅನುಮಾನ ಪ್ರೀಸೆಟ್ ಮೇಲಿರಲಿ. ಬಹಳಷ್ಟು ಮಲ್ಟಿ ಎಫೆಕ್ಟ್‌ಗಳು ಪ್ರೀಸೆಟ್ ಜೊತೆಗೆ ಟೆಂಪೋವನ್ನೂ ಉಳಿಸಿಕೊಂಡಿರುತ್ತವೆ. ಪಲ್ಲವಿಯಿಂದ ಸೋಲೊಗೆ ಪ್ರೀಸೆಟ್ ಬದಲಿಸಿದ ಕೂಡಲೇ ಹಳೆಯ ಅಂಕಿ ಎದ್ದು ಬರುತ್ತದೆ. ಲೈನ್ 6 ಹೀಲಿಕ್ಸ್‌ನಲ್ಲಿ ಟೆಂಪೋವನ್ನು ಸ್ನ್ಯಾಪ್‌ಶಾಟಿಗೊಂದು, ಪ್ರೀಸೆಟ್ಟಿಗೊಂದು ಅಥವಾ ಎಲ್ಲಕ್ಕೂ ಒಂದೇ ಎಂದು ಆರಿಸುವ ಜಾಗ ಗ್ಲೋಬಲ್ ಸೆಟ್ಟಿಂಗ್ಸ್‌ನಲ್ಲಿದೆ. ಬೇರೆಯವುಗಳಲ್ಲೂ ಇಂಥದ್ದನ್ನು ಹುಡುಕಿ. ಟ್ಯಾಪ್ ಮಾಡಿ ನುಡಿಸುವವರಿಗೆ 'ಎಲ್ಲಕ್ಕೂ ಒಂದೇ' ಸರಿ. ಹಾಡಿಗೊಂದು ಪ್ರೀಸೆಟ್ ಮಾಡಿಕೊಂಡು ಕ್ಲಿಕ್‌ಗೆ ನುಡಿಸುವವರಿಗೆ ಪ್ರೀಸೆಟ್ಟಿಗೊಂದು ಚೆನ್ನು.

ಎಲ್ಲವೂ ಸರಿಯಾಗಿ ಎರಡು ಪಟ್ಟು ವೇಗದಲ್ಲಿ ಓಡುತ್ತಿದೆಯೇ? ಆಗ ಇಬ್ಬರು ಭಾಗವತರು ಇದ್ದಾರೆ ಎಂದರ್ಥ, ಎರಡು ಕ್ಲಾಕ್‌ಗಳು ಎಲ್ಲೋ ಬೆರೆಯುತ್ತಿವೆ. ಇಲ್ಲವೇ ಮಿಡಿತಗಳ ಲೆಕ್ಕ ಬೇರೆ ಇದೆ. ಮಿಡಿಗಿಂತ ಹಿಂದಿನ ರೋಲಂಡ್ ಯಂತ್ರಗಳು ಬೀಟಿಗೆ 24 ಮಿಡಿತ ಕಳಿಸಿದರೆ ಕೋರ್ಗ್ ಯಂತ್ರಗಳು 48 ಕಳಿಸುತ್ತಿದ್ದವು. ಈಗಿನ ಕೋರ್ಗ್ ವೋಲ್ಕಾಗಳ ಸಿಂಕ್ ತೂತು ಬೀಟಿಗೆ ಎರಡೇ ಮಿಡಿತ ಕೊಡುತ್ತದೆ.

ಎರಡು ಮೂರು ಲ್ಯಾಪ್‌ಟಾಪ್, ಐಪ್ಯಾಡ್ ಇಟ್ಟುಕೊಂಡು ನುಡಿಸುವವರಿಗೆ 2016ರಿಂದ ಏಬಲ್ಟನ್ ಲಿಂಕ್ ಇದೆ. ಎಲ್ಲವೂ ಒಂದೇ ವೈಫೈನಲ್ಲಿದ್ದರೆ ಸಾಕು, ಇಂಟರ್‌ನೆಟ್ ಬೇಡ. ವೇಗವೂ ಸಮವೂ ಹಂಚಿಕೆಯಾಗುತ್ತವೆ. ಆದರೆ ಅದರಲ್ಲಿ ಭಾಗವತ ಇಲ್ಲ, ಯಾರು ಬೇಕಾದರೂ ವೇಗ ಬದಲಿಸಬಹುದು, ಬದಲಿಸಿದರೆ ಎಲ್ಲರದೂ ಬದಲಾಗುತ್ತದೆ. ಟೆಂಪೋ ಯಾರು ಮುಟ್ಟಬೇಕು ಎಂದು ತಂಡದಲ್ಲಿ ಮೊದಲೇ ಮಾತಾಡಿಕೊಳ್ಳಿ. ವೇದಿಕೆಗೆ ಸಭಾಂಗಣದ ವೈಫೈ ನಂಬದೆ ನಿಮ್ಮದೇ ಸಣ್ಣ ರೌಟರ್ ಒಯ್ಯಿರಿ.

ಏಳರ ತಾಳಕ್ಕೆ ನಾಲ್ಕರ ಯಂತ್ರ

ಈ ಯಂತ್ರಗಳೆಲ್ಲ ನಾಲ್ಕರ ಲೆಕ್ಕದಲ್ಲಿ ಹುಟ್ಟಿದವು. ನಮ್ಮ ಹಾಡುಗಳು ಹಾಗಿಲ್ಲ. ದಾದ್ರಾದ ಆರು ಮಾತ್ರೆಯ ಓಟದಲ್ಲಿರುವ ಹಾಡು ತೆಗೆದುಕೊಳ್ಳಿ. ನಿಮ್ಮ ಕಾಲು ಮೂರು ಮಾತ್ರೆಗೊಮ್ಮೆ, ನಿಮಿಷಕ್ಕೆ 60 ಸಲ ನೆಲಕ್ಕೆ ಬೀಳುತ್ತದೆ. 60 ಎಂದು ಟ್ಯಾಪ್ ಮಾಡಿ ಅರ್ಧ ಬೀಟಿನ ಡಿಲೇ ಇಟ್ಟರೆ ಪ್ರತಿಧ್ವನಿ 500ಕ್ಕೆ ಬರುತ್ತದೆ. ಹಾಡಿನ ಮಾತ್ರೆಗಳಿರುವುದು 333 ಮತ್ತು 667ರಲ್ಲಿ. ಪ್ರತಿಧ್ವನಿ ಎರಡರ ನಡುವೆ ಸಿಕ್ಕಿಕೊಂಡು ಹಾಡಿನ ತೂಗಾಟವನ್ನೇ ಕೆಡಿಸುತ್ತದೆ. 60ನ್ನೇ ಇಟ್ಟುಕೊಂಡು 'ಟಿ' ಇರುವ ಭಾಗ ಆರಿಸಿ. ಸಾಫ್ಟ್‌ವೇರ್‌ನಲ್ಲಿ ಆರು-ಎಂಟರ ತಾಳ ಹಾಕಿದ್ದರೆ ವೇಗವನ್ನು 90 ಎಂದು ಕೊಡಬೇಕಾಗುತ್ತದೆ, ಏಕೆಂದರೆ ಅದು ಎರಡೆರಡು ಮಾತ್ರೆಯನ್ನು ಒಂದು ಬೀಟ್ ಎಂದು ಎಣಿಸುತ್ತದೆ. ಎಲೆಕ್ಟ್ರಾನಿಕ್ ತಬಲಾ ಪೆಟ್ಟಿಗೆ ತೋರಿಸುವ ಅಂಕಿಯನ್ನು ಪೆಡಲಿಗೆ ತರುವಾಗಲೂ ಅದು ಎಣಿಸುವುದು ಮಾತ್ರೆಯನ್ನೋ ಬೀಟನ್ನೋ ಎಂದು ಕೈತಟ್ಟಿ ನೋಡಿಕೊಳ್ಳಿ.

ಮಿಶ್ರ ಛಾಪು ಇನ್ನೂ ಸೊಗಸು. ತಕಿಟ ತಕಧಿಮಿ, ಏಳು ಅಕ್ಷರ. ಒಂದು ಅಕ್ಷರಕ್ಕೆ 300 ಮಿಲಿಸೆಕೆಂಡ್ ಎನ್ನಿ; ಯಂತ್ರದ ಭಾಷೆಯಲ್ಲಿ ಅದು 100ರ ವೇಗದ ಅರ್ಧ ಬೀಟ್. ಪೂರಾ ಬೀಟಿನ ಡಿಲೇ ಇಟ್ಟರೆ ಎರಡೆರಡು ಅಕ್ಷರ ದಾಟುತ್ತಾ ಒಂದು, ಮೂರು, ಐದು, ಏಳು ಮುಟ್ಟಿ, ಮುಂದಿನ ಆವರ್ತದಲ್ಲಿ ಎರಡು, ನಾಲ್ಕು, ಆರಕ್ಕೆ ಬೀಳುತ್ತದೆ. ತಾಳದ ಬೆನ್ನೆಲುಬೇ ಕಾಣದಾಗುತ್ತದೆ. ಅದರ ಬದಲು ಒಂದೂವರೆ ಬೀಟ್, ಅಂದರೆ 900 ಮಿಲಿಸೆಕೆಂಡ್ ಇಡಿ. ಆಗ 'ತಕಿಟ'ದ ತ ಮೇಲೆ ನುಡಿಸಿದ ಸ್ವರದ ಪ್ರತಿಧ್ವನಿ 'ತಕಧಿಮಿ'ಯ ತ ಮೇಲೆ ಬಂದು ಕೂರುತ್ತದೆ. ಪ್ರತಿಧ್ವನಿ ಒಂದೇ ಒಂದು ಸಾಕು, ಎರಡನೆಯದಕ್ಕೆ ಅವಕಾಶ ಕೊಡಬೇಡಿ. ಇದನ್ನು ಮೊದಲ ಸಲ ಕೇಳಿದ ಸಂಜೆ ನಾನು ಆ ಒಂದೇ ಸಾಲನ್ನು ಬಹಳ ಹೊತ್ತು ನುಡಿಸುತ್ತಾ ಕೂತಿದ್ದೆ.

ಸಿಂಕ್ ಬೇಡದ ಕಡೆ

ಕೋರಸ್ ಎಫೆಕ್ಟನ್ನು ತಾಳಕ್ಕೆ ಕಟ್ಟುವುದರಿಂದ ನನಗೆ ಲಾಭ ಕಂಡಿಲ್ಲ. ಅದರ ಅಲೆ ಬೇರೆಯಾಗಿ ಕೇಳಬಾರದು ಎಂಬುದೇ ಅದರ ಗುಣ. ರಿವರ್ಬ್‌ನಲ್ಲಿ ಬಾಲದ ಉದ್ದವನ್ನಷ್ಟೇ ಗಮನಿಸಿ. ಜೋರು ಹಾಡಿನಲ್ಲಿ ಒಂದು ತಟ್ಟಿನ ಬಾಲ ಮುಂದಿನ ತಟ್ಟಿಗೆ ಮುಂಚೆ ಇಳಿದಿರಬೇಕು, ಇಲ್ಲದಿದ್ದರೆ ಸಾಹಿತ್ಯ ಮಸುಕಾಗುತ್ತದೆ.

ಉಗಾಭೋಗಕ್ಕೆ ತಾಳವಿಲ್ಲ. ಆಲಾಪನೆಗೂ ಇಲ್ಲ. ಅಲ್ಲಿ ಹಿಂದಿನ ಹಾಡಿನ ಕ್ಲಾಕ್‌ಗೆ ಕಟ್ಟಿದ ಡಿಲೇ ಬಿಟ್ಟರೆ, ಗಾಯಕರು ಉಸಿರಿಗೆ ನಿಂತಾಗಲೆಲ್ಲ ಯಂತ್ರ ಅವರನ್ನು ಒಂದು ವೇಗಕ್ಕೆ ತಳ್ಳುತ್ತದೆ. ಸಿಂಕ್ ತೆಗೆದುಹಾಕಿ, ಡಿಲೇಯನ್ನು ತಗ್ಗಿಸಿ, ರಿವರ್ಬ್ ಮಾತ್ರ ಉಳಿಸಿ. ಕೀರ್ತನೆಯ ಪಲ್ಲವಿ ಎತ್ತಿಕೊಂಡು ತಾಳ ನಿಂತ ಮೇಲೆ ಟ್ಯಾಪ್ ಮಾಡಿ.

ಸಿಂಕ್ ಎಲ್ಲ ಸರಿಯಿದ್ದೂ ಏನೋ ತಡ ಅನ್ನಿಸಿದರೆ ಅದು ಟೆಂಪೋದ ದೋಷ ಆಗಿರಲಿಕ್ಕಿಲ್ಲ. 48 ಕಿಲೋಹರ್ಟ್ಜ್‌ನಲ್ಲಿ 256 ಸ್ಯಾಂಪಲ್ಲಿನ ಬಫರ್ 5.3 ಮಿಲಿಸೆಕೆಂಡ್ ತಿನ್ನುತ್ತದೆ. ಹತ್ತು ಮೀಟರ್ ದೂರದ ಸ್ಪೀಕರಿನಿಂದ ಸದ್ದು ನಿಮ್ಮ ಕಿವಿಗೆ ಬರಲು 29 ಬೇಕು. ಕ್ಲಿಕ್ ಕೇಳಲು ಬ್ಲೂಟೂತ್ ಇಯರ್‌ಫೋನ್ ಅಂತೂ ಬೇಡವೇ ಬೇಡ, ತಂತಿಯದ್ದೇ ಇರಲಿ. ಲ್ಯಾಪ್‌ಟಾಪಿನ ಸದ್ದಿಗೂ ಹೊರಗಿನ ಪೆಡಲಿಗೂ ನಡುವೆ ಸದಾ ಅಷ್ಟೇ ಅಂತರ ಉಳಿಯುತ್ತಿದ್ದರೆ ಸಾಫ್ಟ್‌ವೇರ್‌ನಲ್ಲಿ ಸರಿದೂಗಿಸಬಹುದು. ಏಬಲ್ಟನ್ ಲೈವ್‌ನ ಮಿಡಿ ಸೆಟ್ಟಿಂಗ್‌ಗಳಲ್ಲಿ 'ಕ್ಲಾಕ್ ಸಿಂಕ್ ಡಿಲೇ' ಇರುವುದು ಇದಕ್ಕೇ. ಒಂದು ಪೆಟ್ಟನ್ನು ಎರಡರಿಂದಲೂ ರೆಕಾರ್ಡ್ ಮಾಡಿ, ಪರದೆಯಲ್ಲಿ ಅಂತರ ಅಳೆದು ಅಷ್ಟನ್ನೇ ಅಲ್ಲಿ ತುಂಬಿ.

ಕ್ಲಿಕ್ ಇಲ್ಲದೆ ರೆಕಾರ್ಡ್ ಆದ ಹಾಡು

ಕೊನೆಗೆ ಬಹಳ ಜನ ಕೇಳುವ ಪ್ರಶ್ನೆ. ಗಾಯಕರು ಹಾರ್ಮೋನಿಯಂ, ತಬಲಾ ಜೊತೆ ಕ್ಲಿಕ್ ಇಲ್ಲದೆ ಹಾಡಿದ್ದಾರೆ, ಈಗ ಅದಕ್ಕೆ ಡಿಲೇ ಹೇಗೆ ಹೊಂದಿಸುವುದು? ದಯವಿಟ್ಟು ಹಾಡನ್ನು ಗ್ರಿಡ್ಡಿಗೆ ಎಳೆದು ಕೂರಿಸಬೇಡಿ. ಗ್ರಿಡ್ಡನ್ನೇ ಹಾಡಿಗೆ ಹೊಂದಿಸಿ. ರೀಪರ್‌ನಂಥ ಸಾಫ್ಟ್‌ವೇರ್‌ನಲ್ಲಿ ಪ್ರತಿ ಆವರ್ತದ ಸಮದ ಮೇಲೆ ಒಂದೊಂದು ಟೆಂಪೋ ಗುರುತು ಹಾಕುತ್ತಾ ಹೋಗಬಹುದು. ನಾಲ್ಕು ನಿಮಿಷದ ಹಾಡಿಗೆ ಅರ್ಧ ಗಂಟೆಯ ಕೆಲಸ. ಮುಗಿಸಿದಾಗ ಪಲ್ಲವಿ 82, ಚರಣ 85, ಕೊನೆಯ ಸಾಲು 78 ಎಂದು ಹಾಡಿನ ಉಸಿರೇ ಪರದೆಯ ಮೇಲೆ ಗೆರೆಯಾಗಿ ಕಾಣುತ್ತದೆ. ಸಿಂಕ್ ಆಗಿರುವ ಎಲ್ಲ ಎಫೆಕ್ಟ್‌ಗಳೂ ಆ ಗೆರೆಯನ್ನು ಹಿಡಿದು ನಡೆಯುತ್ತವೆ. ಇಲ್ಲಿ ಭಾಗವತ ಯಾವ ಯಂತ್ರವೂ ಅಲ್ಲ, ಅಂದು ತಬಲಾ ನುಡಿಸಿದವರು.

ಒಂದು ಎಚ್ಚರಿಕೆ. 85ರಿಂದ 78ಕ್ಕೆ ಇಳಿಯುವ ಆ ಕೊನೆಯ ಸಾಲಿನಲ್ಲಿ ಡಿಲೇಯ ಸ್ವರ ಸ್ವಲ್ಪ ಕೆಳಕ್ಕೆ ಜಾರಿದಂತೆ ಕೇಳಬಹುದು. 1974ರಲ್ಲಿ ಬಂದ ರೋಲಂಡ್ ಆರ್‌ಇ-201 ಸ್ಪೇಸ್ ಎಕೋದಲ್ಲಿ ಡಿಲೇ ಬದಲಿಸಲು ಟೇಪಿನ ಮೋಟಾರ್ ವೇಗವನ್ನೇ ಬದಲಿಸುತ್ತಿದ್ದರು, ಟೇಪ್ ನಿಧಾನವಾದರೆ ಅದರಲ್ಲಿದ್ದ ಸ್ವರವೂ ಇಳಿಯುತ್ತಿತ್ತು. ಎಷ್ಟೋ ಡಿಜಿಟಲ್ ಡಿಲೇಗಳು ಆ ಗುಣವನ್ನು ಬೇಕೆಂದೇ ಉಳಿಸಿಕೊಂಡಿವೆ. ಏಬಲ್ಟನ್ ಲೈವ್‌ನ ಡಿಲೇಯಲ್ಲಿ ಅದರ ಹೆಸರು 'ರೀಪಿಚ್'. ಗಿಟಾರಿಗೆ ಅದು ಚೆಂದ ಕೇಳಬಹುದು. ತಂಬೂರಿ ಹಿಂದೆ ಮಿಡಿಯುತ್ತಿರುವಾಗ ಗಾಯಕರ ಷಡ್ಜ ಮಾತ್ರ ಹಾಗೆ ಜಾರಬಾರದು. ಆ ಒಂದು ಸಾಲಿಗೆ ಅದೇ ಡಿಲೇಯ 'ಫೇಡ್' ಆಯ್ಕೆಗೆ ಬದಲಿಸಿ.